ಬಾಯಲ್ಲಿ ಹೇಳಬೇಡಿ, ಬರೆದು ಕೊಡಿ

ನಮ್ಮ ಮಗಳಿಗೆ ಮಾತು ಬರುವುದು ತಡವಾದಾಗ ಸಕಲೇಶಪುರದಿಂದ ಅಮ್ಮ ಫೋನಿನಲ್ಲಿ ಹೇಳುತ್ತಿದ್ದದ್ದು ಒಂದೇ ಮಾತು. "ಮಾತು ತಡ ಆದ್ರೆ ಆಗ್ಲಿ ಬಿಡು, ನಿಮ್ಮಪ್ಪಂಗೂ ನಾಲ್ಕು ವರ್ಷಕ್ಕೇ ಬಂದಿದ್ದು." ಅದನ್ನು ನಂಬಿ ನಾವು ಅಮೆರಿಕದಲ್ಲಿ ಒಂದು ವರ್ಷ ಸುಮ್ನೆ ಕಳೆದೆವು. ಬುದ್ಧಿಮಾಂದ್ಯ ಅನ್ನುವ ಪದ ಊರಿಗೆ ಗೊತ್ತಾದರೆ ಏನಂದಾರು ಅನ್ನುವ ಭಯವೂ ಇತ್ತು. ಹಾಸನ ಕಡೆಯಿಂದ ಇಲ್ಲಿಗೆ ಬಂದು ಒಳಗೊಳಗೇ ಹೆದರುತ್ತಿರುವವರು ನಮ್ಮ ಹಾಗೆ ಕಾಯಬೇಡಿ.

ಮಗುವಿಗೆ ಮೂರು ವರ್ಷ ತುಂಬಿಲ್ಲವಾದರೆ ನಿಮ್ಮ ರಾಜ್ಯದ ಅರ್ಲಿ ಇಂಟರ್‌ವೆನ್ಷನ್‌ಗೆ, ಅಂದರೆ ಬೆಳವಣಿಗೆ ತಡವಾದ ಪುಟ್ಟ ಮಕ್ಕಳಿಗೆ ನೆರವಾಗುವ ಕಾರ್ಯಕ್ರಮಕ್ಕೆ, ನೀವೇ ಫೋನ್ ಮಾಡಬಹುದು. ಮೂರು ದಾಟಿದರೆ ಹೊಣೆ ಸರ್ಕಾರಿ ಶಾಲೆಯದು. ಅಂಗವೈಕಲ್ಯವಿರುವ ಮಕ್ಕಳ ಶಿಕ್ಷಣಕ್ಕೆಂದು ಐಡಿಇಎ ಎಂಬ ಕಾನೂನಿದೆ. 1975ರಲ್ಲೇ ಬೇರೆ ಹೆಸರಿನಲ್ಲಿ ಬಂದದ್ದು. ಶಾಲೆ ಮಾಡುವ ಪರೀಕ್ಷೆಗೆ, ಆಮೇಲೆ ಮಗುವಿಗೆಂದು ಮಾಡುವ ಯೋಜನೆಯಲ್ಲಿ ಬರೆದ ಥೆರಪಿಗೆ ದುಡ್ಡು ಕೊಡಬೇಕಿಲ್ಲ. ಅಪ್ಪ ಅಥವಾ ಅಮ್ಮನ ಕೆಲಸದ ವೀಸಾದ ಜೊತೆ ಬರುವ ಎಚ್-4 ವೀಸಾದ ಮಗುವಿಗೂ ಇದೆಲ್ಲ ಸಿಗುತ್ತದೆ.

ಟೀಚರ್ ಹತ್ತಿರ ಬಾಯಲ್ಲಿ ಹೇಳಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ನಮ್ಮದು ಹಾಗೇ ನಾಲ್ಕು ತಿಂಗಳು ಹೋಯಿತು. "ನನ್ನ ಮಗುವಿಗೆ ಸ್ಪೆಷಲ್ ಎಜುಕೇಷನ್ ಬೇಕೇ ಎಂದು ಪೂರ್ತಿ ಪರೀಕ್ಷೆ ಮಾಡಿ" ಎಂದು ತಾರೀಖು ಹಾಕಿ ಇಮೇಲ್ ಕಳಿಸಿ. ನೀವು ಒಪ್ಪಿಗೆಗೆ ಸಹಿ ಹಾಕಿದ 60 ದಿನದೊಳಗೆ ಅದು ಮುಗಿಯಬೇಕು. ಕೆಲವು ರಾಜ್ಯಗಳಿಗೆ ಅವರದೇ ಗಡುವಿದೆ. ಮಾಡುವುದಿಲ್ಲ ಅಂದರೆ ಕಾರಣವನ್ನು ಅವರೂ ಬರೆದೇ ಕೊಡಬೇಕು.

ಭಾಷೆಯ ವಿಷಯ ಮಾತ್ರ ಮರೆಯಬೇಡಿ. ನಮ್ಮ ಮಗಳಿಗೆ ಚಮಚದ ಚಿತ್ರ ತೋರಿಸಿದರು. "ಚಮ್ಚ" ಅಂದಳು. ಸೊನ್ನೆ ಹಾಕಿದರು. ತೀರಾ ಅಸಾಧ್ಯವಲ್ಲದಿದ್ದರೆ ಮಗುವಿನ ಮನೆಮಾತಿನಲ್ಲೇ ಪರೀಕ್ಷೆ ಆಗಬೇಕು, ಅದು ಕಾನೂನಿನಲ್ಲೇ ಇದೆ. ಕನ್ನಡ ದುಭಾಷಿ ಬೇಕೆಂದು ಅದೇ ಇಮೇಲ್‌ನಲ್ಲಿ ಬರೆಯಿರಿ. ಮನೆಯಲ್ಲಿ ಇಂಗ್ಲಿಷ್ ಮಾತ್ರ ಆಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಅಜ್ಜಿ ಜೊತೆಗಿನ ಮಾತೇ ನಿಂತುಹೋಗುತ್ತದೆ, ಅಲ್ವಾ?

ಆಮೇಲೆ ಐಇಪಿ ಮೀಟಿಂಗ್. ಐಇಪಿ ಅಂದರೆ ನಿಮ್ಮ ಮಗುವಿಗೆಂದೇ ಮಾಡುವ ಕಲಿಕೆಯ ಯೋಜನೆ. ಮಗುವಿಗೆ ಈ ವರ್ಷ ಏನು ಕಲಿಸಬೇಕು ಎಂದು ಅಲ್ಲಿ ಬರೆಯುತ್ತಾರೆ. ಕೂತಲ್ಲೇ ಸಹಿ ಹಾಕಬೇಕಿಲ್ಲ, ಮನೆಗೆ ತಂದು ಓದಿ. ಮಗುವನ್ನು ಚೆನ್ನಾಗಿ ಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಬಹುದು. ಆಗ ಇಲ್ಲಿಗೆ ಬಂದಿದ್ದ ಅಮ್ಮನನ್ನೇ ನಾನು ಕರೆದುಕೊಂಡು ಹೋದೆ.

"ಐದು ನಿಮಿಷವೂ ಒಂದು ಕಡೆ ಕೂರುವುದಿಲ್ಲ" ಎಂದರು ಟೀಚರ್. ಅಮ್ಮ ದುಭಾಷಿ ಕಡೆ ತಿರುಗಿದರು. "ಊರಿಗೆ ಬಂದಾಗ ನನ್ ಜೊತೆ ಅರ್ಧ ಗಂಟೆ ಕೂತು ಅವರೆಕಾಯಿ ಬಿಡಿಸ್ತಾಳೆ, ಹೇಳಮ್ಮ ಅವರಿಗೆ." ಥೆರಪಿಸ್ಟ್ ಪೆನ್ನು ತೆಗೆದು ಬರೆದುಕೊಂಡರು. ಈಗ ಶಾಲೆಯಲ್ಲಿ ಅವಳಿಗೆ ದಿನಾ ಮೊದಲು ಮಣಿ ಪೋಣಿಸುವ ಕೆಲಸ, ಆಮೇಲೆ ಅಕ್ಷರ.