ಬ್ಯಾಸ್ಕೆಟ್‌ಬಾಲ್ ಕೋಚ್ ಬೇಕಾದರೆ ಮೊದಲು ಒಂದು ಸಂಜೆ ಕೋರ್ಟಿಗೆ ಕರೆಸಿ

ಚೌಕಿಪೇಟೆಯಲ್ಲಿ ನಮ್ಮದು ಬಟ್ಟೆ ಅಂಗಡಿ. ಸಂಜೆ ಐದಾದರೆ ಗಲ್ಲಾ ತಮ್ಮನಿಗೆ ಒಪ್ಪಿಸಿ ನಾನು ಕೋರ್ಟಿಗೆ ಹೊರಡುತ್ತೇನೆ. ದಾವಣಗೆರೆಯಲ್ಲಿ ಹುಡುಗಿಯರ ಬ್ಯಾಸ್ಕೆಟ್‌ಬಾಲ್ ಕ್ಲಬ್ಬೊಂದರ ಖಜಾಂಚಿ ನಾನು. ಸಂಬಳ ಕೊಟ್ಟು ಮುಖ್ಯ ಕೋಚ್ ಇಡಲು ಹೊರಟಿದ್ದೇವೆ, ಏನು ನೋಡಬೇಕು ಹೇಳ್ರಿ ಅಂತ ಅಕ್ಕಪಕ್ಕದ ಊರಿನವರು ಕೇಳುತ್ತಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮ ಮೊದಲ ಆಯ್ಕೆಯೇ ತಪ್ಪಿತ್ತು. ಬಂದವರು ಒಳ್ಳೆಯ ಆಟಗಾರರಾಗಿದ್ದವರು. ಶೀಲ್ಡುಗಳ ಫೋಟೊ ನೋಡಿಯೇ ಕಮಿಟಿ ಒಪ್ಪಿತು, ನೇಮಕದ ಕಾಗದಕ್ಕೆ ನಾನೂ ಸಹಿ ಹಾಕಿದೆ. ಏಪ್ರಿಲ್ ತಿಂಗಳು, ನಾಲ್ಕು ಗಂಟೆಯ ಬಿಸಿಲು, ನೀರಿಗೂ ಬಿಡದೆ ಓಡಿಸುತ್ತಿದ್ದರು. ಒಬ್ಬ ಹುಡುಗಿ ಮಂಡಿ ನೋಯುತ್ತೆ ಸಾರ್ ಅಂದದ್ದಕ್ಕೆ "ನಾಟಕ ಮಾಡಬೇಡ" ಅಂದರು. ಮರುವಾರ ಅವಳು ರಿಂಗಿಗೆ ಬಡಿದು ಮರಳಿದ ಚೆಂಡಿಗೆ ಹಾರಿ ಇಳಿದವಳು ಅಲ್ಲೇ ಕುಸಿದಳು. ಎಸಿಎಲ್, ಅಂದರೆ ಮಂಡಿಯೊಳಗೆ ಮೂಳೆಗಳನ್ನು ಹಿಡಿದಿಡುವ ಒಂದು ಕಟ್ಟು, ಹರಿದಿತ್ತು. ಆಪರೇಷನ್ ಆಯಿತು, ಅವಳ ಆಟ ಅಲ್ಲಿಗೇ ನಿಂತಿತು. ಆ ಸಹಿ ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಅಂದಿನಿಂದ ಅರ್ಜಿ ಹಾಕಿದವರನ್ನು ಒಂದು ಸಂಜೆ ನಮ್ಮ ಮಕ್ಕಳ ಜೊತೆ ಕೋರ್ಟಿಗೆ ಇಳಿಸದೆ ಮಾತೇ ಮುಂದುವರಿಸುವುದಿಲ್ಲ. ಆ ಸಂಜೆ ನಾನು ಮೊದಲು ನೋಡುವುದು ವಾರ್ಮ್‌ಅಪ್. ಹಾರಿ ಇಳಿಯುವಾಗ ಹುಡುಗಿಯ ಮಂಡಿಗಳು ಒಳಕ್ಕೆ ವಾಲಿ ಒಂದಕ್ಕೊಂದು ಹತ್ತಿರ ಬಂದರೆ ಅದು ಅಪಾಯದ ಗುರುತು. ಎಸಿಎಲ್ ಹರಿಯುವುದು ಹುಡುಗರಿಗಿಂತ ಹುಡುಗಿಯರಲ್ಲಿ ಹೆಚ್ಚು. ಅದೂ ಬಹಳ ಸಲ ಯಾರೂ ಡಿಕ್ಕಿ ಹೊಡೆಯದೆ, ಇಳಿಯುವಾಗಲೋ ಗಕ್ಕನೆ ತಿರುಗುವಾಗಲೋ. ಸರಿಯಾಗಿ ಇಳಿಯುವುದನ್ನು ಕಲಿಸಿದರೆ ಈ ಅಪಾಯ ತಗ್ಗುತ್ತದೆ. ವಾಲುವ ಮಂಡಿ ಅರ್ಜಿ ಹಾಕಿದವರ ಕಣ್ಣಿಗೆ ಬೀಳುತ್ತದೆಯೇ? ಬಿದ್ದರೆ ಆಟ ನಿಲ್ಲಿಸಿ ತಿದ್ದುತ್ತಾರೆಯೇ, ಇಲ್ಲವೇ ಸುಮ್ಮನೆ ಸೀಟಿ ಊದುತ್ತಾರೆಯೇ? ಇಷ್ಟು ನೋಡಿದರೆ ಅರ್ಧ ಉತ್ತರ ಸಿಕ್ಕ ಹಾಗೆ.

ಉಳಿದರ್ಧಕ್ಕೆ ಟೈಮ್‌ಔಟ್, ಅಂದರೆ ಪಂದ್ಯದ ನಡುವೆ ಕೋಚ್ ಕೇಳಿ ಪಡೆಯುವ ವಿರಾಮ. ಅಂತರರಾಷ್ಟ್ರೀಯ ಬ್ಯಾಸ್ಕೆಟ್‌ಬಾಲ್ ಸಂಸ್ಥೆ ಫಿಬಾದ ನಿಯಮದ ಪ್ರಕಾರ ಮೊದಲ ಅರ್ಧದಲ್ಲಿ 2, ಎರಡನೇ ಅರ್ಧದಲ್ಲಿ 3, ಒಂದೊಂದೂ 1 ನಿಮಿಷ. 40 ನಿಮಿಷದ ಪಂದ್ಯದಲ್ಲಿ ಆಟ ತಡೆದು ಹೇಳಿಕೊಡಲು ಕೋಚ್ ಕೈಯಲ್ಲಿರುವುದು ಆ 5 ನಿಮಿಷ ಮಾತ್ರ. ಹಾಗಾಗಿ ಅಭ್ಯಾಸ ಪಂದ್ಯದ ನಡುವೆ ನಾನೇ ಸೀಟಿ ಊದಿ ಬೋರ್ಡು, ಮಾರ್ಕರ್ ಅವರ ಕೈಗೆ ಕೊಡುತ್ತೇನೆ: "ಸಾರ್, 1 ಪಾಯಿಂಟ್ ಹಿಂದಿದ್ದೀವಿ, 8 ಸೆಕೆಂಡ್ ಉಳಿದಿದೆ, ಸೈಡ್ ಬಾಲ್ ನಮ್ಮದು." ಅಂದರೆ ಪಕ್ಕದ ಗೆರೆಯಾಚೆಯಿಂದ ಚೆಂಡು ಒಳಗೆ ಎಸೆಯುವ ಸರದಿ ನಮ್ಮದು.

ಕಳೆದ ಸಲ ಇಬ್ಬರು ಬಂದಿದ್ದರು. ಮೊದಲಿನವರು ಬೋರ್ಡಿನ ತುಂಬ ಬಾಣ ಎಳೆದರು. ಹುಡುಗಿಯರು ಹೂಂ ಹೂಂ ಅಂದು ಹೊರಬಂದರು, ಚೆಂಡು ಒಳಗೆ ಎಸೆಯುವವರು ಯಾರು ಅನ್ನುವುದು ಒಬ್ಬರಿಗೂ ಗೊತ್ತಿರಲಿಲ್ಲ. ಎರಡನೆಯವರು ಮೂರೇ ಗೆರೆ ಎಳೆದು, ಮಾರ್ಕರನ್ನು ಎಲ್ಲರಿಗಿಂತ ಗಿಡ್ಡ ಹುಡುಗಿಗೆ ಕೊಟ್ಟು "ನೀನು ಎಲ್ಲಿ ನಿಲ್ತೀಯಮ್ಮ, ತೋರಿಸು" ಅಂದರು. ಅವಳು ತಪ್ಪು ಜಾಗದಲ್ಲಿ ಚುಕ್ಕಿ ಇಟ್ಟಳು. ಅವರು ಅಂಗೈಯಿಂದ ಅಳಿಸಿ, ಅವಳ ಬೆರಳು ಹಿಡಿದು ಸರಿಯಾದ ಜಾಗ ತೋರಿಸಿದರು. ಇಪ್ಪತ್ತು ಸೆಕೆಂಡ್ ಅದಕ್ಕೇ ಹೋಯಿತು. ಶಾಟ್ ರಿಂಗಿಗೆ ಬಡಿದು ಹೊರಗೆ ಬಿತ್ತು, ಆದರೆ ಐದೂ ಜನ ನಿಲ್ಲಬೇಕಾದ ಕಡೆಯೇ ನಿಂತಿದ್ದರು. ನಾವು ಅವರನ್ನೇ ಇಟ್ಟುಕೊಂಡೆವು.

ದೊಡ್ಡ ಆಟಗಾರನೇ ದೊಡ್ಡ ಕೋಚ್ ಆಗುತ್ತಾನೆ ಅನ್ನುವವರಿಗೆ ನಾನು ಎರಿಕ್ ಸ್ಪೋಲ್‌ಸ್ಟ್ರಾ ಹೆಸರು ಹೇಳುತ್ತೇನೆ. ಅಮೆರಿಕದ ದೊಡ್ಡ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಒಂದು ಪಂದ್ಯವನ್ನೂ ಆಡದವರು. 1995ರಲ್ಲಿ ಅದೇ ಲೀಗಿನ ಮಯಾಮಿ ಹೀಟ್ ತಂಡ ಸೇರಿ ವಿಡಿಯೊ ಕೋಣೆಯಲ್ಲಿ ಕೆಲಸ ಶುರು ಮಾಡಿ 2008ರಲ್ಲಿ ಮುಖ್ಯ ಕೋಚ್ ಆದರು, 2012 ಮತ್ತು 2013ರಲ್ಲಿ ಚಾಂಪಿಯನ್‌ಶಿಪ್ ಗೆಲ್ಲಿಸಿದರು. ಗ್ರೆಗ್ ಪೊಪೊವಿಚ್ ಒಂದು ಸಣ್ಣ ಕಾಲೇಜು ತಂಡದ ಕೋಚ್ ಆಗಿದ್ದಾಗ ಮೊದಲ ವರ್ಷ ಗೆದ್ದದ್ದು 2, ಸೋತದ್ದು 22. ಮುಂದೆ ಎನ್‌ಬಿಎ ತಂಡ ಸ್ಯಾನ್ ಆಂಟೋನಿಯೊ ಸ್ಪರ್ಸ್‌ಗೆ 5 ಚಾಂಪಿಯನ್‌ಶಿಪ್ ತಂದುಕೊಟ್ಟರು. ಕಮಿಟಿಯವರು ಮೊದಲ ಟೂರ್ನಮೆಂಟಿನ ಸೋಲಿಗೇ ಕೋಚ್ ಬದಲಿಸಲು ಹೊರಟಾಗಲೂ ನನಗೆ ಇದೇ ಲೆಕ್ಕ ನೆನಪಾಗುತ್ತದೆ.

ಸರ್ಟಿಫಿಕೇಟ್ ಬೇಡವೆಂದಲ್ಲ. ಕೋಚ್‌ಗಳಿಗೆ ತರಬೇತಿ ಕೊಡುವ ಪಟಿಯಾಲದ ಕ್ರೀಡಾ ಸಂಸ್ಥೆ ಎನ್‌ಐಎಸ್ ಅಂದ ಕೂಡಲೇ ತಲೆದೂಗಬೇಡಿ, ಡಿಪ್ಲೊಮಾನೋ 6 ವಾರದ ಸರ್ಟಿಫಿಕೇಟ್ ಕೋರ್ಸೋ ಕೇಳಿ, ಮೂಲ ಪ್ರತಿ ನೋಡಿ. ಪೊಲೀಸ್ ವೆರಿಫಿಕೇಷನ್ ಆಗದೆ ಯಾರನ್ನೂ ಮಕ್ಕಳ ಹತ್ತಿರ ಬಿಡಬೇಡಿ, ಎಷ್ಟೇ ಪರಿಚಯದವರಾಗಿರಲಿ. ಅಭ್ಯಾಸ ಮುಗಿಯುವವರೆಗೆ ಅಂಕಣದ ಹತ್ತಿರ ನಮ್ಮ ಕಡೆಯ ಒಬ್ಬ ಹೆಂಗಸು ಇದ್ದೇ ಇರುತ್ತಾಳೆ. ಇದಕ್ಕೆ ಮುಖ ಗಂಟಿಕ್ಕಿದವರಿಗೆ ನಮಸ್ಕಾರ ಹೇಳಿ ಕಳಿಸಿದ್ದೇವೆ.

ಹಿಂದಿನ ತಂಡದಲ್ಲಿ ವಿಚಾರಿಸುವಾಗ ಕ್ಯಾಪ್ಟನ್‌ಗೆ ಫೋನ್ ಮಾಡಬೇಡಿ, ಅವಳು ಹೊಗಳಿಯೇ ಹೊಗಳುತ್ತಾಳೆ. 12 ಜನರ ತಂಡದಲ್ಲಿ ಹನ್ನೆರಡನೆಯವಳಾಗಿ ಬೆಂಚಿನಲ್ಲೇ ಕೂತವಳ ಅಮ್ಮನಿಗೆ ಮಾಡಿ. ಮಗಳು ಈಗಲೂ ಆಡ್ತಾಳೇನ್ರೀ ಅಂತ ಒಂದೇ ಮಾತು ಕೇಳಿ. ನಾನು ಹೀಗೆ ಮಾಡಿದಾಗ ಒಬ್ಬ ತಾಯಿ ಅರ್ಧ ಗಂಟೆ ಮಾತಾಡಿದರು. ಬಿಡದೆ ಕೇಳಿಸಿಕೊಂಡೆ.

ನಿಮ್ಮನ್ನೂ ಅವರು ಪ್ರಶ್ನೆ ಕೇಳಬೇಕು. ನಾವು ಇಟ್ಟುಕೊಂಡವರು ಸಂಬಳಕ್ಕಿಂತ ಮೊದಲು ಕೇಳಿದ್ದು ಎರಡು: ಜಗಳೂರಿನ ಹುಡುಗಿಯರಿಗೆ ಕೊನೇ ಬಸ್ ಎಷ್ಟೊತ್ತಿಗೆ? ತಂಡ ಆರಿಸೋರು ಯಾರು? ಎರಡನೆಯದಕ್ಕೆ ನಾವು ತಡವರಿಸಿದೆವು. ಚಂದಾ ಕೊಟ್ಟವರ ಮಗಳಿಗೆ ಒಂದು ಜಾಗ ಅನ್ನುವ ಒತ್ತಡ ನಮ್ಮಲ್ಲೂ ಇತ್ತು. ತಂಡ ಕೋಚ್‌ದೇ, ಕಮಿಟಿ ತಲೆ ಹಾಕುವುದಿಲ್ಲ ಅಂತ ಒಪ್ಪಂದದಲ್ಲಿ ಬರೆಸಿದೆವು. ಒಬ್ಬರು ಚಂದಾ ನಿಲ್ಲಿಸಿದರು, ನಿಲ್ಲಿಸಲಿ.

ಅದೇ ಕಾಗದದಲ್ಲಿ 3 ತಿಂಗಳ ಪರೀಕ್ಷಾ ಅವಧಿ, ವಾರಕ್ಕೊಂದು ರಜೆ, ಟೂರ್ನಮೆಂಟಿನ ಪ್ರಯಾಣದ ಖರ್ಚು ಯಾರದು, ಸಂಬಳದ ತಾರೀಖು, ಎಲ್ಲ ಇರಲಿ. ಇವರಿಗಿಂತ ಮೊದಲಿದ್ದ ನಮ್ಮ ಎರಡನೇ ಕೋಚ್ ಬಿಟ್ಟು ಹೋದದ್ದು ಸಂಬಳ ಎರಡು ತಿಂಗಳು ತಡವಾಗಿ. ಒಳ್ಳೆಯ ಮನುಷ್ಯ, ಬಾಯಿಬಿಟ್ಟು ಕೇಳಲಿಲ್ಲ. ಈಗ ಮೂರು ತಿಂಗಳ ಸಂಬಳವನ್ನು ಮೊದಲೇ ಬ್ಯಾಂಕಿನಲ್ಲಿಟ್ಟು, ಪ್ರತಿ ತಿಂಗಳು 1ನೇ ತಾರೀಖು ಬೆಳಿಗ್ಗೆ ಅಂಗಡಿ ಬಾಗಿಲು ತೆಗೆಯುವ ಮೊದಲೇ ನಾನು ಕಳಿಸಿಬಿಡುತ್ತೇನೆ.