ಕೂಪು ರಸ್ತೆಯ ನೀರು ತಿರುಗಿಸಿದ ಮೇಲೆ: ಗುಡ್ಡದ ಜೀಪು ಹಾದಿಯಲ್ಲಿ ನನ್ನ ಅನುಭವ

ಸಕಲೇಶಪುರದ ಪಶ್ಚಿಮಕ್ಕೆ, ಮೀಸಲು ಅರಣ್ಯವನ್ನು ಹಾದು ಹುಲ್ಲುಗಾವಲಿನ ನೆತ್ತಿಗೆ ಏರುವ ನಮ್ಮ ಹಳೆಯ ಕೂಪು ರಸ್ತೆಯಲ್ಲಿ, ಅಂದರೆ ಕಡಿದ ಮರ ಸಾಗಿಸಲು ಹಿಂದೆ ಮಾಡಿದ್ದ ಹಾದಿಯಲ್ಲಿ, ಮಳೆನೀರನ್ನು ಪಕ್ಕಕ್ಕೆ ತಿರುಗಿಸಿದ ಮೇಲೆ ಮೂರು ಮಳೆಗಾಲ ಕಳೆದರೂ ಹೊಸ ಕೊರಕಲು ಬಿದ್ದಿಲ್ಲ. ಜೀಪುಗಳ ಓಡಾಟವೂ ನಿಂತಿಲ್ಲ. ಇವೆರಡೂ ಒಟ್ಟಿಗೆ ಆಗುವ ಮಾತಲ್ಲ ಎಂದವರು ಎರಡೂ ಕಡೆಗಳಲ್ಲಿದ್ದರು. ಗೇಟಿಗೆ ಬೀಗ ಜಡಿಯದೆ ಕಾಡು ಉಳಿಯದು ಎಂದು ಪರಿಸರದ ಗೆಳೆಯರೂ, ಕಾಂಕ್ರೀಟು ಹಾಕಿಸದೆ ಹಾದಿ ಉಳಿಯದು ಎಂದು ಜೀಪಿನವರೂ ವಾದಿಸುತ್ತಿದ್ದರು. ಮಣ್ಣು ಕೆದಕಿ ದುಡ್ಡು ಕಳೆಯುವ ಕೆಲಸ ಎಂದು ನನ್ನ ತೋಟದ ನೆರೆಯವರೇ ನಕ್ಕಿದ್ದರು. ಅವರಲ್ಲಿ ಹೆಚ್ಚಿನವರು ಕಳೆದ ಬೇಸಿಗೆಯಲ್ಲಿ ಬಂದು ನೋಡಿ, ಅಳತೆಯನ್ನೂ ಬರೆದುಕೊಂಡು ಹೋಗಿದ್ದಾರೆಂಬುದನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇನೆ. ಲೋ ಗೇರಿನಲ್ಲಿ (ಕಡಿದಾದ ಕಡೆ ನಿಧಾನವಾಗಿ, ಹೆಚ್ಚು ಬಲದಿಂದ ಎಳೆಯುವ ಗೇರು) ಇಂಥ ಹಾದಿ ಹತ್ತಿಳಿದು ಅಭ್ಯಾಸವಿರುವವರಿಗಾಗಿ ಇದನ್ನು ಬರೆಯುತ್ತಿರುವುದರಿಂದ ಮೊದಲ ಪಾಠಗಳನ್ನೆಲ್ಲ ಬಿಟ್ಟಿದ್ದೇನೆ.

ಕೊಡಚಾದ್ರಿಯ ಜೀಪು ಹಾದಿಯನ್ನಾಗಲಿ, ಮಡಿಕೇರಿಯ ಕಡೆಯ ಮಾಂದಲ್‌ಪಟ್ಟಿಯ ಹಾದಿಯನ್ನಾಗಲಿ ಕಂಡವರಿಗೆ ನಮ್ಮ ಹಾದಿ ಹೇಗಿತ್ತೆಂದು ವಿವರಿಸಬೇಕಾಗಿಲ್ಲ. ವರ್ಷಕ್ಕೆ ಸುಮಾರು 200 ಇಂಚು ಮಳೆ ಬೀಳುವ ಇಳಿಜಾರಿನಲ್ಲಿ ಗಾಲಿಯ ಜಾಡು ಒಂದು ಗೇಣು ಇಳಿಯಿತೆಂದರೆ ಮಳೆನೀರಿಗೆ ಅದೇ ಕಾಲುವೆಯಾಗುತ್ತದೆ. ನೀರು ಕೊರೆದಷ್ಟೂ ಜೀಪಿನ ಹೊಟ್ಟೆ ನೆಲಕ್ಕೆ ತಾಗುತ್ತದೆ, ಚಾಲಕ ಪಕ್ಕದ ಹುಲ್ಲಿನ ಮೇಲೆ ಹೊಸ ಜಾಡು ಹಿಡಿಯುತ್ತಾನೆ, ಮುಂದಿನ ಮಳೆಗೆ ಅದೂ ಕಾಲುವೆಯಾಗುತ್ತದೆ. ನೆತ್ತಿಯ ಹತ್ತಿರ ಹತ್ತಡಿಯ ಹಾದಿ ಹೀಗೆಯೇ ಅಗಲವಾಗುತ್ತ ಅರವತ್ತು ಅಡಿಯ ಕೆಂಪು ಗಾಯವಾಗಿತ್ತು. ಜೀಪುಗಳ ಸಂಖ್ಯೆಯನ್ನು ಅರ್ಧಕ್ಕಿಳಿಸಿದರೂ ಈ ಹರಡುವಿಕೆ ನಿಲ್ಲುವುದಿಲ್ಲವೆಂಬುದು ನನ್ನ ವಾದವಾಗಿತ್ತು, ಏಕೆಂದರೆ ಒಮ್ಮೆ ಜಾಡು ಬಿದ್ದ ಮೇಲೆ ಅದನ್ನು ಆಳ ಮಾಡುವುದು ಟೈರಿಗಿಂತ ಹೆಚ್ಚಾಗಿ ನೀರೇ.

ಮೊದಲು ಮಾಡಿದ ಪ್ರಯತ್ನಗಳು ಒಂದೊಂದಾಗಿ ಕೈಕೊಟ್ಟವು. ಹಾದಿಯ ಮೇಲ್ಬದಿಗೆ ಜೆಸಿಬಿಯಿಂದ ಉದ್ದಕ್ಕೂ ಚರಂಡಿ ತೆಗೆಸಿದ್ದಕ್ಕೆ ಎಂಬತ್ತು ಸಾವಿರದಷ್ಟು ಖರ್ಚಾಯಿತು. ಜುಲೈ ಮುಗಿಯುವಷ್ಟರಲ್ಲಿ ಆ ಚರಂಡಿಯೇ ಆಳುದ್ದದ ಕೊರಕಲಾಗಿ ದರೆ ಕುಸಿಯಿತು. ಹೋಂಸ್ಟೇಯವರು ಸೇರಿ ಎರಡೂವರೆ ಲಕ್ಷ ಒಟ್ಟುಮಾಡಿ ಕಡಿದಾದ ತಿರುವೊಂದರಲ್ಲಿ ಎರಡು ಗಾಲಿಗಳ ಅಗಲಕ್ಕೆ ಕಾಂಕ್ರೀಟು ಪಟ್ಟಿ ಹಾಕಿಸಿದರು. ನೀರು ಅದರ ಅಡಿಯ ಮಣ್ಣನ್ನು ಕಬಳಿಸಿ, ಪಟ್ಟಿಗಳು ಗಾಳಿಯಲ್ಲಿ ನಿಂತು, ಎರಡನೆಯ ವರ್ಷ ಮುರಿದವು. ಅದರ ತುಂಡುಗಳನ್ನು ಹೊರಕ್ಕೆ ಸಾಗಿಸಲು ಮತ್ತೆ ದುಡ್ಡು ಬೇಕಾಯಿತು. ಆಮೇಲೆ ಹಾದಿಗೆ ಅಡ್ಡಲಾಗಿ ರಸ್ತೆ ಉಬ್ಬಿನಂಥ ಮಣ್ಣಿನ ಏರಿಗಳನ್ನು ಹಾಕಿದೆವು. ಮೂರಡಿ ಅಗಲದ ಏರಿ ಜೀಪಿನ ಅಡಿಯಲ್ಲಿ ತಿರುಗುವ ಪ್ರೊಪೆಲ್ಲರ್ ಶಾಫ್ಟಿಗೆ ತಾಗುತ್ತಿದ್ದುದರಿಂದ ಚಾಲಕರು ಅದನ್ನು ಬಿಟ್ಟು ಪಕ್ಕದಿಂದ ಸುತ್ತಿ ಹೋಗತೊಡಗಿ, ಹಾದಿ ಮೊದಲಿಗಿಂತ ಬೇಗ ಅಗಲವಾಯಿತು. ಪಕ್ಕದ ಜಾಡುಗಳಿಗೆ ಅಡ್ಡಹಾಕಿದ ಮರದ ದಿಮ್ಮಿಗಳು ಚಳಿಗಾಲ ಬರುವಷ್ಟರಲ್ಲಿ ಯಾರದೋ ಒಲೆ ಸೇರಿದ್ದವು.

ಕೊನೆಗೆ ಫಲ ಕೊಟ್ಟದ್ದು ಅದೇ ಏರಿ, ಆದರೆ ಬೇರೆ ಅಳತೆಯಲ್ಲಿ. ಏರಿಯೊಂದನ್ನೇ ಕಟ್ಟುವುದರ ಬದಲು, ಮೊದಲು ಹಾದಿಯನ್ನು ಅಡ್ಡಲಾಗಿ ತಗ್ಗು ಮಾಡಿ, ಅಲ್ಲಿಂದ ತೆಗೆದ ಮಣ್ಣನ್ನೇ ಅದರ ಕೆಳಬದಿಗೆ ಉದ್ದನೆಯ ದಿಬ್ಬವಾಗಿ ಹರಡಿ ಬಡಿದೆವು. ತಗ್ಗು ಮತ್ತು ದಿಬ್ಬ ಸೇರಿ ಹಾದಿಯುದ್ದಕ್ಕೆ ಮೂವತ್ತು ಅಡಿಗಿಂತ ಕಡಿಮೆಯಿರಬಾರದು. ಜೀಪಿನ ಎರಡು ಅಚ್ಚುಗಳ ನಡುವಿನ ಅಂತರಕ್ಕಿಂತ ಅದು ಬಹಳ ಉದ್ದವಿದ್ದರೆ ಮಾತ್ರ ಚಾಲಕನಿಗೆ ಪಕ್ಕದಿಂದ ಸುತ್ತಿ ಹೋಗುವ ಮನಸ್ಸಾಗುವುದಿಲ್ಲ, ಅವನಿಗೆ ಅದೊಂದು ಅಡ್ಡಿಯೆಂದೂ ತೋರುವುದಿಲ್ಲ. ತಗ್ಗನ್ನು ಹಾದಿಗೆ ನೇರ ಅಡ್ಡವಾಗಿ ತೆಗೆಯದೆ, ನೀರು ತಾನಾಗಿ ಕೆಳಬದಿಗೆ ಜಾರುವಂತೆ ಮೂವತ್ತು ಡಿಗ್ರಿಯಷ್ಟು ಓರೆಯಾಗಿ ತೆಗೆಯಬೇಕು. ಕಡಿದಾದ ಕಡೆ ಇಪ್ಪತ್ತೈದು ಮೀಟರಿಗೊಂದು, ಉಳಿದ ಕಡೆ ನಲವತ್ತಕ್ಕೊಂದು ಎಂಬುದು ನಮ್ಮ ಲೆಕ್ಕ. ಆರು ಕಿಲೋಮೀಟರಿನ ಹಾದಿಯಲ್ಲಿ ನಿಜಕ್ಕೂ ಕೊರೆಯುತ್ತಿದ್ದುದು ಎರಡು ಕಿಲೋಮೀಟರು ಮಾತ್ರ. ಅಲ್ಲಿಗೆ ಎಪ್ಪತ್ತರ ಆಸುಪಾಸು ತಗ್ಗುಗಳು ಸಾಕಾದವು. ನೀರು ಹೊರಬೀಳುವ ಕಡೆ ನೆಲ ಕೊರೆಯದಿರಲೆಂದು ಕಾಫಿ ತೋಟದಲ್ಲಿ ನೀರು, ಮಣ್ಣು ತಡೆಯಲು ತೆಗೆಯುವಂಥ ತೊಟ್ಟಿಲುಗುಂಡಿಗಳನ್ನು ತೆಗೆದು, ಅಂಚಿಗೆ ಲಾವಂಚ ನೆಟ್ಟೆವು. ಗುಂಡಿಯಲ್ಲಿ ನಿಂತ ಹೂಳನ್ನು ಪ್ರತಿ ಬೇಸಿಗೆಯಲ್ಲಿ ತೆಗೆದು ಹಾದಿಗೇ ಹಾಕುತ್ತೇವೆ. ಜೆಸಿಬಿ ಬಾಡಿಗೆ, ಆಳುಗಳ ಕೂಲಿ ಎಲ್ಲ ಸೇರಿ ಒಂದೂಮುಕ್ಕಾಲು ಲಕ್ಷ ದಾಟಿದ ನೆನಪಿಲ್ಲ. ಮೊದಲೇ ಬಿದ್ದಿದ್ದ ಆಳದ ಜಾಡುಗಳನ್ನು ತುಂಬಲು ಜಂಬಿಟ್ಟಿಗೆ ಪುಡಿಯ ಜೊತೆ ಬಳಸಿದ ಇನ್ನೆರಡು ಸಾಮಗ್ರಿಗಳನ್ನು ಇಲ್ಲಿ ಬರೆಯುವುದಿಲ್ಲ. ಅವು ಹತ್ತಿರದಲ್ಲೇ ಸಿಗುತ್ತವೆ, ಹಾದಿಗೆ ಬಂದು ನೋಡಿದವರಿಗೆ ಗೊತ್ತಾಗುತ್ತದೆ.

ಕಾನೂನಿನ ಮಾತನ್ನೂ ಇಲ್ಲೇ ಹೇಳಿಬಿಡಬೇಕು. 1963ರ ಕರ್ನಾಟಕ ಅರಣ್ಯ ಕಾಯ್ದೆಯಂತೆ ಮೀಸಲು ಅರಣ್ಯದೊಳಗೆ ಅನುಮತಿಯಿಲ್ಲದೆ ಗುದ್ದಲಿ ಹಾಕುವಂತಿಲ್ಲ. 1980ರ ಅರಣ್ಯ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಹೊಸ ರಸ್ತೆಗೆ ಕೇಂದ್ರದ ಒಪ್ಪಿಗೆಯೇ ಬೇಕು. ಆದ್ದರಿಂದ ಹಳೆಯ ಅಗಲದೊಳಗಿನ ದುರಸ್ತಿ ಎಂದಷ್ಟೇ ಬರೆದು, ಗ್ರಾಮ ಅರಣ್ಯ ಸಮಿತಿಯ ಮೂಲಕ ಅರ್ಜಿ ಹಾಕಿ ಅಪ್ಪಣೆ ಪಡೆದೆವು. ಒಂದಡಿಯೂ ಅಗಲ ಮಾಡುವುದಿಲ್ಲವೆಂಬ ಬರಹ ಅದರಲ್ಲಿದ್ದುದೇ ಅಪ್ಪಣೆ ಸಿಗಲು ಕಾರಣವೆಂದು ನನ್ನ ನಂಬಿಕೆ.

ಪಕ್ಕದ ಜಾಡುಗಳನ್ನು ಮುಚ್ಚುವಾಗ ಪೂರ್ತಿ ಉದ್ದಕ್ಕೂ ಶ್ರಮಪಡುವ ಅಗತ್ಯವಿಲ್ಲ. ಮುಖ್ಯ ಹಾದಿಯಲ್ಲಿ ಕುಳಿತ ಚಾಲಕನ ಕಣ್ಣಿಗೆ ಬೀಳುವಷ್ಟು, ಅಂದರೆ ಮೊದಲ ಮೂವತ್ತು ನಲವತ್ತು ಅಡಿಯಲ್ಲಿ ಜಾಡಿನ ಗುರುತೇ ಇಲ್ಲದಂತೆ ಮಾಡಿದರೆ ಸಾಕು, ಉಳಿದದ್ದು ತಾನಾಗಿ ಚೇತರಿಸಿಕೊಳ್ಳುತ್ತದೆ. ಆದರೆ ಗಾಲಿ ತುಳಿದು ಗಟ್ಟಿಯಾದ ನೆಲದಲ್ಲಿ ಹುಲ್ಲಿನ ಬೇರು ಇಳಿಯುವುದಿಲ್ಲ. ಪಿಕಾಸಿಯಿಂದ ಅರ್ಧ ಅಡಿ ಸಡಿಲಿಸಿ, ಅಕ್ಕಪಕ್ಕದಿಂದಲೇ ಕರಡದ ಹುಲ್ಲಿನ ಹೆಂಟೆಗಳನ್ನು ಅಲ್ಲೊಂದು ಇಲ್ಲೊಂದು ಕಿತ್ತು ತಂದು ಮುಂಗಾರು ಹಿಡಿಯುವ ಹೊತ್ತಿಗೆ ಕೂರಿಸಿದೆವು. ಅಲ್ಲಿ ಸಿಲ್ವರ್ ಓಕ್ ನೆಡಬೇಕೆಂದು ಒಬ್ಬರು ಉತ್ಸಾಹ ತೋರಿಸಿದರು. ಹುಲ್ಲುಗಾವಲಿನಲ್ಲಿ ಮರ ನೆಡುವುದೂ ಹುಲ್ಲುಗಾವಲನ್ನು ಹಾಳುಮಾಡುವ ಇನ್ನೊಂದು ವಿಧಾನವೇ ಆದ್ದರಿಂದ ನಾನು ಒಪ್ಪಲಿಲ್ಲ. ಅರವತ್ತು ಅಡಿಯಿದ್ದ ಕಡೆ ಈಗ ಹನ್ನೆರಡು ಅಡಿಯ ಹಾದಿಯಷ್ಟೇ ಬೆತ್ತಲೆಯಾಗಿ ಕಾಣುತ್ತದೆ.

ಇಷ್ಟೆಲ್ಲ ಮಾಡಿದರೂ ಒದ್ದೆ ನೆಲದ ಮೇಲೆ ಒಂದು ದಿನ ಜೀಪು ಓಡಿದರೆ ಒಂದು ಬೇಸಿಗೆಯ ಕೆಲಸ ಹೋದಂತೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮುಚ್ಚಲು ಯಾರ ತಕರಾರೂ ಇರಲಿಲ್ಲ. ಜಗಳವಾಗುತ್ತಿದ್ದುದು ಹಿಂಗಾರಿನ ಮತ್ತು ಕಾಫಿ ಹೂ ಅರಳಿಸುವ ಬೇಸಿಗೆಯ ಹೂಮಳೆಯ ದಿನಗಳಲ್ಲಿ. ಶನಿವಾರ ಬೆಳಿಗ್ಗೆ ಪ್ರವಾಸಿಗರು ಕಾಯುತ್ತಿರುವಾಗ ಸಿಕ್ಕ ಬಾಡಿಗೆಯನ್ನು ಕಳೆದುಕೊಳ್ಳಲು, ಸಾಲದ ಕಂತು ಕಟ್ಟಬೇಕಾದ ಯಾವ ಚಾಲಕನೂ ಸಿದ್ಧನಿರುವುದಿಲ್ಲ. ಆದ್ದರಿಂದ ಮೂರು ಸಾವಿರದ ಆಸುಪಾಸಿನ ಪ್ರತಿ ಬಾಡಿಗೆಯಿಂದ ಇನ್ನೂರು ರೂಪಾಯಿ ಹಿಡಿದು ಒಂದು ನಿಧಿ ಮಾಡಿದೆವು. ರಜೆಯ ದಿನಗಳಲ್ಲಿ ಹಾದಿ ಮುಚ್ಚಿದಾಗ ಸರದಿಯಲ್ಲಿರುವ ಪ್ರತಿ ಜೀಪಿಗೆ ಆರುನೂರು ಕೊಡುತ್ತೇವೆ. ಇಪ್ಪತ್ತೈದು ಜೀಪುಗಳಿರುವ ನಮ್ಮಲ್ಲಿ ವರ್ಷಕ್ಕೆ ಎರಡು ಲಕ್ಷದ ಹತ್ತಿರ ಹೀಗೆ ಹೋಗುತ್ತದೆ, ಹೆಚ್ಚುಕಡಿಮೆ ಅಷ್ಟೇ ಬರುತ್ತದೆ. ಈ ನಿಧಿ ಇಲ್ಲದಿದ್ದರೆ ಉಳಿದ ಯಾವುದೂ ನಿಲ್ಲುತ್ತಿರಲಿಲ್ಲ. ಯಾವ ದಿನ ತೆರೆಯಬೇಕೆಂದು ನಿರ್ಧರಿಸಲು ಒಂದು ನಿರ್ದಿಷ್ಟ ತಿರುವಿನ ಮಣ್ಣನ್ನು ಪರೀಕ್ಷಿಸುವ ಕ್ರಮವೊಂದಿದೆ. ಅದು ಚಾಲಕರಿಗೆ ಗೊತ್ತಾದರೆ ನೀರು ಒರೆಸಿ ಬರುತ್ತಾರಾದ್ದರಿಂದ ಆ ಗುಟ್ಟು ನನ್ನಲ್ಲೇ ಇರಲಿ.

ನಡುವೆ ಕೆಲವು ಪ್ರಯೋಗಗಳನ್ನೂ ಮಾಡಿದೆ. ಹಾದಿಯ ಎರಡು ಬದಿಗೆ ಕಬ್ಬಿಣದ ಗೂಟ ಹೊಡೆದು, ದಾರ ಎಳೆದು, ದಾರದಿಂದ ನೆಲಕ್ಕಿರುವ ಆಳವನ್ನು ತಿಂಗಳಿಗೊಮ್ಮೆ ಅಳೆಯುತ್ತಿದ್ದೆ. ಟೈರಿನ ಗಾಳಿಯನ್ನು ಮೂವತ್ತು ಪೌಂಡಿನಿಂದ ಹದಿನೆಂಟಕ್ಕೆ ಇಳಿಸಿದ ಜೀಪುಗಳು ಹತ್ತುವಾಗ ಗಾಲಿ ಕೊಸರುವುದೇ ಕಡಿಮೆಯಾಗಿ, ಜಾಡು ಇಳಿಯುವುದು ಅಂದಾಜು ಅರ್ಧದಷ್ಟು ತಗ್ಗಿತು. ಈಗ ಗೇಟಿನ ಬಳಿ ಗಾಳಿ ಇಳಿಸುವುದು ಕಡ್ಡಾಯ, ವಾಪಸು ತುಂಬಿಸಲು ಹಳೆಯ ಕಂಪ್ರೆಸರ್ ಒಂದನ್ನು ಇಟ್ಟಿದ್ದೇವೆ. ಗಾಲಿಗೆ ಚೈನು ಕಟ್ಟುವುದನ್ನು ಪೂರ್ತಿ ನಿಲ್ಲಿಸಿದೆವು, ಏಕೆಂದರೆ ಚೈನಿನ ಜೀಪು ಒಂದು ಸಲ ಹತ್ತಿದರೆ ಆಗುವ ಹಾನಿ ಬರಿಗಾಲಿಯ ಜೀಪು ಹತ್ತು ಸಲ ಹತ್ತಿದರೂ ಆಗದು. ಇನ್ನೊಂದು ಪ್ರಯೋಗ ಗಾಲಿಯ ಕೆಸರಿನದು. ಪೇಟೆ ಕಡೆಯಿಂದ ಬಂದ ಜೀಪುಗಳ ಗಾಲಿ ತೊಳೆದ ಕೆಸರನ್ನು ಕಾಫಿ ನರ್ಸರಿಯ ಪಾತಿಯಲ್ಲಿ ಹರಡಿ ನೀರು ಹಾಕಿದಾಗ ಪಾರ್ಥೇನಿಯಂ, ಯುಪಟೋರಿಯಂ, ಮುಟ್ಟಿದರೆ ಮುನಿ ಎಂಬ ಕಳೆಗಳೆಲ್ಲವೂ ಮೊಳೆತವು. ಅದನ್ನು ರೇಂಜರಿಗೆ ತೋರಿಸಿದ ಮೇಲೆ ಗೇಟಿನ ಹೊರಗೆ ಗಾಲಿ ತೊಳೆಯುವ ತೊಟ್ಟಿಗೆ ಜಾಗ ಸಿಕ್ಕಿತು.

ಸಂಜೆ ನಾಲ್ಕರ ನಂತರ ಮೇಲೆ ಯಾವ ಜೀಪೂ ಇರಬಾರದೆಂಬ ನಿಯಮವನ್ನು ಆನೆಗಳ ಕಾರಣಕ್ಕೆ ಮಾಡಿದ್ದೇವೆ. ನಮ್ಮ ಸೀಮೆಯ ಆನೆಗಳಿಗೂ ಗುಡ್ಡ ದಾಟಲು ಕೂಪು ರಸ್ತೆಯೇ ಅನುಕೂಲ. ಸದ್ಯ ಉಳಿದಿರುವ ತಲೆನೋವೆಂದರೆ ತಮ್ಮದೇ ವಾಹನ ತಂದು ಹತ್ತಲು ಬರುವವರು. ಅಗಲ ಟೈರಿನ, ಎರಡು ಟನ್ನಿನ ಆ ಗಾಡಿಗಳಿಗೆ ನಮ್ಮ ದಿಬ್ಬಗಳು ಆಟದ ಸಾಮಾನಾಗಿ ಕಾಣುತ್ತವೆ. ಅವರನ್ನು ಗೇಟಿನಲ್ಲೇ ನಿಲ್ಲಿಸಿ ಸರದಿಯ ಜೀಪಿನಲ್ಲಿ ಕಳುಹಿಸುತ್ತೇವೆ. ಒಪ್ಪದವರೊಂದಿಗೆ ವಾದ ಮಾಡಲು ಇನ್ನೊಬ್ಬ ವಾಚರ್ ಬೇಕಾಗಿದ್ದು, ಅವನ ಸಂಬಳಕ್ಕೆ ಪ್ರತಿ ಬಾಡಿಗೆಯಿಂದ ಇನ್ನೂ ಐವತ್ತು ರೂಪಾಯಿ ಹಿಡಿಯಬೇಕೆಂಬ ನನ್ನ ಸೂಚನೆ ಮುಂದಿನ ತಿಂಗಳ ಸಭೆಗೆ ಬರಲಿದೆ.