ಬ್ಲೂಬೆರಿ ಬಯಸುವ ಹುಳಿಮಣ್ಣು: ಮನೆಯ ತೋಟದಲ್ಲಿ ಸಾವಯವ ಬೇಸಾಯ

ಮನೆಯ ತೋಟದಲ್ಲಿ ಬ್ಲೂಬೆರಿ ಸೊರಗಿ ಹೋಗುವುದು ಅಲಕ್ಷ್ಯದಿಂದಲೇ ಎಂದು ಹೇಳುವಂತಿಲ್ಲ. ತರಕಾರಿ ಪಾತಿಗೆ ಹಿತವಾದ ಆರೈಕೆಯನ್ನೇ ಇದಕ್ಕೂ ಮಾಡುವುದರಿಂದ ಹಾಳಾಗುವ ಗಿಡಗಳೂ ಬಹಳ. ಒಲೆಯ ಬೂದಿ, ಸುಣ್ಣ, ಧಾರಾಳವಾಗಿ ಸುರಿದ ಕೊಟ್ಟಿಗೆ ಗೊಬ್ಬರ, ಇವೆಲ್ಲ ಮಣ್ಣಿನ ಹುಳಿಯನ್ನು ತಗ್ಗಿಸುತ್ತವೆ, ಬ್ಲೂಬೆರಿಗೋ ಆ ಹುಳಿಯೇ ಆಧಾರ. ಅಮೆರಿಕದ ಸಸ್ಯವಿಜ್ಞಾನಿ ಫ್ರೆಡರಿಕ್ ಕೋವಿಲ್ 1910ರಲ್ಲಿ ಪ್ರಕಟಿಸಿದ ಪ್ರಯೋಗಗಳು ಈ ಸಂಗತಿಯನ್ನು ಸ್ಪಷ್ಟಪಡಿಸಿದವು. ಅನಂತರ ಅವರು ನ್ಯೂಜೆರ್ಸಿಯ ಬೆಳೆಗಾರ್ತಿ ಎಲಿಜಬೆತ್ ವೈಟ್ ಅವರೊಡನೆ ಸೇರಿ ಕಾಡುಗಿಡಗಳಿಂದ ಉತ್ತಮವಾದವನ್ನು ಆರಿಸಿ ಬೆಳೆಸಿದರು, 1916ರಲ್ಲಿ ಮೊದಲ ಫಸಲು ಮಾರುಕಟ್ಟೆಗೆ ಬಂತು.

ಈ ಗಿಡದ ಬೇರುಗಳು ಕೂದಲಿನಷ್ಟು ಸಪೂರ. ಬೇರೆ ಗಿಡಗಳಿಗಿರುವ ಬೇರುರೋಮಗಳು ಇವಕ್ಕಿಲ್ಲ. ಮೇಲಿನ ಒಂದು ಅಡಿ ಮಣ್ಣಿನಲ್ಲೇ ಹೆಚ್ಚಾಗಿ ಹರಡಿಕೊಂಡು, ಬೇರಿನೊಡನೆ ಬಾಳುವ ಶಿಲೀಂಧ್ರಗಳ ನೆರವಿನಿಂದ ಅವು ಆಹಾರ ಹೀರುತ್ತವೆ. ಮಣ್ಣಿನ ರಸಸಾರ, ಅಂದರೆ ಪಿಎಚ್ ಮಟ್ಟ, 4.5ರಿಂದ 5.5ರ ನಡುವೆ ಇರಬೇಕು; ಈ ಅಂಕ ಕಡಿಮೆಯಾದಷ್ಟೂ ಹುಳಿ ಹೆಚ್ಚು. ಅದಕ್ಕಿಂತ ಮೇಲೇರಿದರೆ ಮಣ್ಣಿನಲ್ಲಿ ಕಬ್ಬಿಣಾಂಶವಿದ್ದರೂ ಗಿಡಕ್ಕೆ ದಕ್ಕುವುದಿಲ್ಲ. ನರಗಳು ಹಸಿರಾಗಿಯೇ ಉಳಿದು ಎಳೆಯ ಎಲೆಗಳು ಹಳದಿಯಾಗುವುದು ಅದರ ಲಕ್ಷಣ. ಈ ಅಳತೆಯಲ್ಲಿ ಒಂದು ಅಂಕದ ಅಂತರವೆಂದರೆ ಆಮ್ಲೀಯತೆಯಲ್ಲಿ ಹತ್ತು ಪಟ್ಟು ವ್ಯತ್ಯಾಸ, ಆದ್ದರಿಂದ 6.5 ಇರುವ ಮಣ್ಣನ್ನು ನಡೆದೀತು ಎಂದು ಬಿಟ್ಟುಬಿಡಬಾರದು.

ಹಾಗಾಗಿ ಗಿಡ ಕೊಳ್ಳುವ ಮೊದಲು ಮಣ್ಣು ಪರೀಕ್ಷೆ ಮಾಡಿಸಿ. ರಸಸಾರವನ್ನು ಇಳಿಸಲು ಸಾವಯವ ಕೃಷಿಗೆ ಒಪ್ಪುವ ವಸ್ತು ಶುದ್ಧ ಗಂಧಕದ ಪುಡಿ. ಒಂದು ಅಂಕ ಇಳಿಸಲು ಮರಳುಮಣ್ಣಿಗೆ ಚದರ ಮೀಟರಿಗೆ ಸುಮಾರು 40 ಗ್ರಾಂ ಸಾಕಾಗುತ್ತದೆ, ಗೋಡುಮಣ್ಣಿಗೆ 100ರಿಂದ 120 ಗ್ರಾಂ ಬೇಕಾಗುತ್ತದೆ. ಗಂಧಕ ತಾನಾಗಿ ಹುಳಿಯಲ್ಲ. ಮಣ್ಣಿನ ಬ್ಯಾಕ್ಟೀರಿಯಾಗಳು ಅದನ್ನು ಆಮ್ಲವಾಗಿ ಮಾರ್ಪಡಿಸಬೇಕು, ಆ ಕೆಲಸಕ್ಕೆ ತೇವವೂ ಬೆಚ್ಚನೆಯ ಹವೆಯೂ ಹಲವು ತಿಂಗಳ ಕಾಲವೂ ಬೇಕು. ನೆಡುವುದಕ್ಕೆ ಆರು ತಿಂಗಳಿಂದ ಒಂದು ವರ್ಷ ಮೊದಲೇ ಬೆರೆಸಿಟ್ಟು ಮತ್ತೆ ಪರೀಕ್ಷಿಸುವುದು ಒಳ್ಳೆಯದು. ಅವಸರಕ್ಕೆ ಅಲ್ಯೂಮಿನಿಯಂ ಸಲ್ಫೇಟ್ ಬಳಸುವುದು ಸಾವಯವವೂ ಅಲ್ಲ, ಬೇರಿಗೆ ಹಿತವೂ ಅಲ್ಲ. ಸುಣ್ಣಕಲ್ಲಿನಿಂದ ಕೂಡಿದ ನೆಲವಾದರೆ ಗಂಧಕದೊಡನೆ ಸೆಣಸಾಡುವುದು ವ್ಯರ್ಥ. ಅಂಥವರು ನಲವತ್ತು ಐವತ್ತು ಲೀಟರಿನ ಕುಂಡದಲ್ಲಿ ಪೀಟ್ ಪಾಚಿಯನ್ನೂ (ಜೌಗುನೆಲದಲ್ಲಿ ಅರೆಕೊಳೆತ ಪಾಚಿ) ಪುಡಿಮಾಡಿದ ಪೈನ್ ತೊಗಟೆಯನ್ನೂ ಬೆರೆಸಿ ಬೆಳೆಯುವುದೇ ಮೇಲು ಎಂಬುದು ನನ್ನ ಖಚಿತ ಅಭಿಪ್ರಾಯ. ಚೀಲದಲ್ಲಿ ಸಿಗುವ ಕುಂಡದ ಮಿಶ್ರಣಗಳಿಗೆ ಎಷ್ಟೋ ಸಲ ಸುಣ್ಣ ಸೇರಿಸಿರುತ್ತಾರೆ. ಚೀಟಿಯನ್ನು ಓದಿ ಕೊಳ್ಳಿ.

ಇಷ್ಟು ಶ್ರಮಪಟ್ಟು ಮಾಡಿದ ಹುಳಿಮಣ್ಣನ್ನು ಗಡಸು ನೀರು ಮೆಲ್ಲಮೆಲ್ಲನೆ ಕೆಡಿಸುತ್ತದೆ. ನೀರಿನಲ್ಲಿರುವ ಬೈಕಾರ್ಬನೇಟ್ ಪ್ರತಿ ಬಾರಿಯೂ ರಸಸಾರವನ್ನು ಸ್ವಲ್ಪ ಮೇಲಕ್ಕೆ ತಳ್ಳುತ್ತದೆ, ಅದರ ಪರಿಣಾಮ ಕುಂಡದಲ್ಲಂತೂ ಬೇಗ ಕಾಣಿಸುತ್ತದೆ. ಸಂಗ್ರಹಿಸಿದ ಮಳೆನೀರೇ ಇದಕ್ಕೆ ಅತ್ಯುತ್ತಮ. ಬೇರು ಮೇಲ್ಮಟ್ಟದಲ್ಲಿರುವುದರಿಂದ ಮಣ್ಣು ಒಣಗಲೂ ಬಾರದು, ನೀರು ನಿಲ್ಲಲೂ ಬಾರದು. ನಿಂತ ನೀರಿನಲ್ಲಿ ಬೇರುಕೊಳೆ ರೋಗ ಬರುತ್ತದೆ. ಜಿಗುಟುಮಣ್ಣಿನ ಕಡೆ ಎತ್ತರಿಸಿದ ಪಾತಿಯಲ್ಲೇ ನೆಡಿ.

ತಳಿಯ ಆಯ್ಕೆ ಚಳಿಯನ್ನು ಅವಲಂಬಿಸಿದೆ. ಎತ್ತರದ ಪೊದೆಯಾಗಿ ಬೆಳೆಯುವ ಹೈಬುಷ್ ಗುಂಪಿನಲ್ಲಿ ಚಳಿನಾಡಿಗೆ ಹೊಂದುವ ಉತ್ತರದ ತಳಿಗಳಾದ ಬ್ಲೂಕ್ರಾಪ್, ಡ್ಯೂಕ್ ಮುಂತಾದವಕ್ಕೆ 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿನ ತಂಪು ಸುಮಾರು 800ರಿಂದ 1000 ಗಂಟೆ ಸಿಗಬೇಕು, ಇಲ್ಲದಿದ್ದರೆ ಮೊಗ್ಗು ಸರಿಯಾಗಿ ಒಡೆಯುವುದಿಲ್ಲ. ಚಳಿ ಕಡಿಮೆಯಿರುವ ಕಡೆ ಮಿಸ್ಟಿ, ಶಾರ್ಪ್‌ಬ್ಲೂ ಮೊದಲಾದ ದಕ್ಷಿಣದ ಹೈಬುಷ್ ತಳಿಗಳು ಹೊಂದುತ್ತವೆ. ರ‍್ಯಾಬಿಟ್‌ಐ ಎಂಬ ಇನ್ನೊಂದು ಬ್ಲೂಬೆರಿ ಗುಂಪಿನ ಗಿಡಗಳು ಸೆಕೆಯನ್ನು ತಾಳಿಕೊಳ್ಳುತ್ತವಾದರೂ ಒಂಟಿ ಗಿಡ ಚೆನ್ನಾಗಿ ಕಾಯಿ ಕಚ್ಚುವುದಿಲ್ಲ, ಜೊತೆಗೆ ಅದೇ ಗುಂಪಿನ ಇನ್ನೊಂದು ತಳಿ ಇರಲೇಬೇಕು. ಹೈಬುಷ್‌ಗೂ ಎರಡು ತಳಿ ಜೊತೆಗಿದ್ದರೆ ಹಣ್ಣು ದಪ್ಪವಾಗುತ್ತದೆ.

ದಿನಕ್ಕೆ ಆರು ಗಂಟೆಗಾದರೂ ಬಿಸಿಲು ಬೀಳುವ ಜಾಗದಲ್ಲಿ, ಹೈಬುಷ್ ಗಿಡಗಳನ್ನು ನಾಲ್ಕೈದು ಅಡಿ ಅಂತರದಲ್ಲಿ ನೆಡಿ. ಬುಡದ ಸುತ್ತ ಪೈನ್ ಎಲೆ, ತೊಗಟೆ ಅಥವಾ ಮರದ ಹೊಟ್ಟನ್ನು ಏಳೆಂಟು ಸೆಂಟಿಮೀಟರ್ ದಪ್ಪಕ್ಕೆ ಹೊದಿಸಿ, ಕಾಂಡಕ್ಕೆ ಮಾತ್ರ ತಾಗದಂತೆ ನೋಡಿಕೊಳ್ಳಿ. ಹಸಿ ಹೊಟ್ಟು ಕೊಳೆಯುವಾಗ ಸಾರಜನಕವನ್ನು ಹಿಡಿದಿಟ್ಟುಕೊಳ್ಳುವುದರಿಂದ ಆಗ ಗೊಬ್ಬರವನ್ನು ತುಸು ಹೆಚ್ಚಿಸಬೇಕಾಗುತ್ತದೆ. ಕಳೆಯನ್ನು ಕೈಯಿಂದಲೇ ಕೀಳಿ, ಗುದ್ದಲಿ ಬೇಡ.

ಗೊಬ್ಬರದಲ್ಲಿ ಮಿತಿ ಮುಖ್ಯ. ಈ ಗಿಡ ಸಾರಜನಕವನ್ನು ನೈಟ್ರೇಟ್ ರೂಪಕ್ಕಿಂತ ಅಮೋನಿಯಂ ರೂಪದಲ್ಲಿ ಚೆನ್ನಾಗಿ ಬಳಸಿಕೊಳ್ಳುತ್ತದೆ. ಹತ್ತಿಬೀಜದ ಹಿಂಡಿ, ಸೋಯಾ ಹಿಂಡಿ, ಮೀನಿನ ದ್ರವಗೊಬ್ಬರ ಕೊಳೆತಾಗ ಮೊದಲು ಸಿಗುವುದು ಆ ರೂಪವೇ. ಚಿಗುರೊಡೆಯುವಾಗ ಆರಂಭಿಸಿ ಎರಡು ಮೂರು ಕಂತುಗಳಲ್ಲಿ ಕೊಡಿ. ಕೊಟ್ಟಿಗೆ ಗೊಬ್ಬರದಲ್ಲಿರುವ ಲವಣವೂ ಈ ನವಿರು ಬೇರುಗಳನ್ನು ಸುಡುತ್ತದೆ ಎಂಬುದನ್ನು ಮರೆಯಬೇಡಿ.

ಮೊದಲ ಎರಡು ವರ್ಷ ಹೂಗಳನ್ನು ಕಿತ್ತುಹಾಕಿ. ಮನಸ್ಸು ಒಪ್ಪದ ಕೆಲಸವಿದು, ಆದರೆ ಬೇರೂ ಕೊಂಬೆಯೂ ಬಲಿಯುವುದು ಅದರಿಂದಲೇ. ಗಿಡ ಪೂರ್ತಿ ಫಸಲಿಗೆ ಬರಲು ಆರೇಳು ವರ್ಷ ಹಿಡಿಯುತ್ತದೆ. ಆಮೇಲೆ ಪ್ರತಿ ಚಳಿಗಾಲದ ಕೊನೆಯಲ್ಲಿ ಆರು ವರ್ಷ ದಾಟಿದ ಒಂದೆರಡು ಕಾಂಡಗಳನ್ನು ಬುಡಕ್ಕೇ ಸವರಿದರೆ ಹೊಸ ಕಾಂಡಗಳು ಎದ್ದು ಬರುತ್ತವೆ. ಕಾಯಿ ಬಣ್ಣ ತಿರುಗುವ ಮುನ್ನ ಚೌಕಟ್ಟು ಕಟ್ಟಿ ಅದರ ಮೇಲೆ ಸಣ್ಣ ಕಣ್ಣಿನ ಬಲೆಯನ್ನು ಬಿಗಿಯಾಗಿ ಹೊದಿಸಿ. ಸಡಿಲ ಬಲೆಯಲ್ಲಿ ಹಕ್ಕಿಗಳು ಸಿಕ್ಕಿಕೊಳ್ಳುತ್ತವೆ. ಉದುರಿದ ಮತ್ತು ಒಣಗಿ ಕಪ್ಪಾದ ಹಣ್ಣುಗಳಲ್ಲಿ ರೋಗವೂ ನೊಣದ ಮರಿಹುಳುಗಳೂ ಉಳಿಯುವುದರಿಂದ ಅವನ್ನು ಆಗಾಗ ಆಯ್ದು ತೆಗೆಯಬೇಕು.

ಹಣ್ಣು ನೀಲಿಯಾದ ಕೂಡಲೇ ಕೀಳಬೇಡಿ. ತೊಟ್ಟಿನ ಸುತ್ತ ಕೆಂಪು ಛಾಯೆ ಇರುವವರೆಗೂ ಹುಳಿ ಉಳಿದಿರುತ್ತದೆ, ಕಿತ್ತ ಮೇಲೆ ಅದು ಸಿಹಿಯಾಗುವುದೂ ಇಲ್ಲ. ಇನ್ನೂ ಕೆಲವು ದಿನ ಗಿಡದಲ್ಲೇ ಬಿಟ್ಟು, ಹೆಬ್ಬೆರಳಿನಿಂದ ಮೃದುವಾಗಿ ಉರುಳಿಸಿದಾಗ ತಾನಾಗಿ ಕೈಗೆ ಬೀಳುವ ಹಣ್ಣನ್ನು ಮಾತ್ರ ತೆಗೆದುಕೊಳ್ಳಿ. ಮೇಲಿನ ಬಿಳಿ ಮೇಣದ ಪದರ ಅಳಿಸದಂತೆ, ತಿನ್ನುವ ಹೊತ್ತಿಗಷ್ಟೇ ತೊಳೆಯಿರಿ.